ಶಂಸುದ್ದೀನ್ ಹಳಿಗಳಿಗೆ ಕೊಟ್ಟ ನಂಬರ್

ಭಟ್ಕಳದಲ್ಲಿ ಹುಟ್ಟಿಯೂ ವ್ಯಾಪಾರದ ಗಂಧಗಾಳಿ ಇಲ್ಲದ ಮನುಷ್ಯನೆಂದರೆ ನಾನು ಕಂಡಂತೆ ಶಂಸುದ್ದೀನ್ ಒಬ್ಬನೇ. ಸೌದಿಯ ಬುರೈದಾದಲ್ಲಿ ನಾನು ಖರ್ಜೂರದ ಗೋದಾಮಿನಲ್ಲಿ ಕೆಲಸಕ್ಕಿದ್ದೆ; ಎಲ್ಲರೂ ನನ್ನನ್ನು ಅದ್ದು ಎಂದು ಕರೆಯುತ್ತಿದ್ದರು. ನನ್ನ ಕೋಣೆಯ ಮೇಲಿನ ಮಹಡಿಯಲ್ಲಿ ಅವನು, ಹೆಂಡತಿ ಶಂಸುನ್ನಿಸಾ, ಮಗಳು ಝೋಯಾ. ಅವನ ನವಾಯತಿ ಮಾತು ನನಗೆ ಬಾರದು, ನನ್ನ ಬ್ಯಾರಿ ಅವನಿಗೆ ಬಾರದು. ಹಾಗಾಗಿ ನಮ್ಮ ಜಗಳಗಳೆಲ್ಲ ಕನ್ನಡದಲ್ಲೇ ನಡೆದವು.

ರೈಲು ಹಳಿಗಳನ್ನು ನೋಡಿಕೊಳ್ಳುವ ಒಂದು ಕಂಪೆನಿಯಲ್ಲಿ ಅವನಿಗೆ ಕಂಪ್ಯೂಟರಿನಲ್ಲಿ ಪಟ್ಟಿ ಇಡುವ ಕೆಲಸ. ಒಂದೇ ಹಳಿಗೆ ಕಟ್ಟಿದವರು ಒಂದು ಹೆಸರಿಟ್ಟಿದ್ದರು, ಓಡಿಸುವವರು ಇನ್ನೊಂದು, ರಿಪೇರಿಯವರು ಮತ್ತೊಂದು. 2014ರಲ್ಲಿ ಹಳಿಯ ಮೇಲೆ ಬಿದ್ದ ಮರಳು ತೆಗೆಯುವ ಯಂತ್ರವೊಂದು ಹೆಸರು ನಂಬಿ ಬೇರೆಯೇ ಹಳಿಗೆ ಹೋಗಿ, ಎರಡು ದಿನ ಕಾದು ವಾಪಸ್ ಬಂತು. ಆಗ ಸಾಹೇಬರಿಗೆ ಎಚ್ಚರವಾಯಿತು. ಪ್ರತಿ ಹಳಿಗೂ ಎಲ್ಲರೂ ಒಪ್ಪುವ ಒಂದೇ ಗುರುತು ಬೇಕೆಂದು ಆ ಕೆಲಸವನ್ನು ಶಂಸುದ್ದೀನನ ತಲೆಗೆ ಕಟ್ಟಿದರು.

ಗುರುತಿನ ಮೊದಲಿಗೆ ಕಂಪೆನಿಯ ಅಕ್ಷರ ಇರಲಿ ಎಂದು ಅವನ ಮೇಲಿನ ಅಧಿಕಾರಿ ಫಹದ್ ಹೇಳಿದ. ನನಗೂ ಅದು ಸರಿ ಕಂಡಿತು, ಆದರೆ ನನ್ನ ಕಾರಣ ಬೇರೆ. ಕಂಪೆನಿಯ ಗುತ್ತಿಗೆ ಇದ್ದದ್ದು ಇನ್ನೆರಡು ವರ್ಷ. ಝೋಯಾ ಆಗಿನ್ನೂ ಎಂಟನೇ ಕ್ಲಾಸು.

"ಕಂಪೆನಿ ಹೆಸರು ಸೇರಿಸು ಮಾರಾಯ," ಎಂದೆ. "ನಾಳೆ ಬೇರೆ ಕಂಪೆನಿ ಬಂದ್ರೆ ಗುರುತೆಲ್ಲ ಬದಲಾಗ್ತದೆ, ಸಾವಿರಗಟ್ಟಲೆ ರಿಪೇರಿ ದಾಖಲೆ ತಿದ್ಲಿಕ್ಕೆ ನೀನೇ ಬೇಕು. ಮಗಳ ಹತ್ತನೇ ಮುಗಿಯುವವರೆಗೆ ನಿನ್ನನ್ನು ಯಾರೂ ಕಳಿಸುದಿಲ್ಲ."

ಅವನು ಕಿಸೆಯಿಂದ ಇಕಾಮಾ, ಅಂದರೆ ಸೌದಿಯಲ್ಲಿರಲು ಕೊಡುವ ಗುರುತಿನ ಕಾರ್ಡು, ತೆಗೆದು ಚಹಾದ ಲೋಟದ ಪಕ್ಕ ಇಟ್ಟ.

"ಇಲ್ಲಿಗೆ ಬಂದ ಮೇಲೆ ನನಗೆ ಮೂರು ಕಫೀಲ್ ಆದ್ರು, ಮೂರು ಧಣಿಗಳು. ಈ ನಂಬರ್ ಬದಲಾಯ್ತಾ ಅದ್ದು? ನಾನು ಯಾರ ಕೈಕೆಳಗೆ ಇದ್ದೇನೆ ಅನ್ನುದು ಬೇರೆ, ನಾನು ಯಾರು ಅನ್ನುದು ಬೇರೆ. ಹಳಿಗೂ ಹಾಗೇ."

"ಮತ್ತೆ ಝೋಯಾ?"

ಅವನು ಕಾರ್ಡನ್ನು ಕಿಸೆಗೆ ಹಾಕಿಕೊಂಡ. ಚಹಾ ಬಿಟ್ಟು ಮೇಲೆ ಹೋದ.

ಮರುದಿನ ಅದೇ ಕಾರ್ಡನ್ನು ಫಹದ್ ಎದುರು ಇಟ್ಟನಂತೆ. ಫಹದ್ ನಕ್ಕು ಒಪ್ಪಿದ. ಹಳಿಗೆ ಆರು ಅಂಕಿಯ ಬರೀ ನಂಬರ್. ನಡೆಸುವ ಕಂಪೆನಿಗಳಿಗೆ ಬೇರೆ ಪಟ್ಟಿ, ಬೇರೆ ನಂಬರ್. ಯಾವ ಹಳಿ ಯಾವ ದಿನದಿಂದ ಯಾರ ಕೈಯಲ್ಲಿ ಎಂಬುದಕ್ಕೆ ಮೂರನೆಯ ಪಟ್ಟಿ. ಕಿತ್ತುಹಾಕಿದ ಹಳಿಯ ನಂಬರನ್ನು ಇನ್ನೊಂದಕ್ಕೆ ಕೊಡಲೂ ಅವನು ಬಿಡಲಿಲ್ಲ. "ಸತ್ತವನ ಇಕಾಮಾ ಬದುಕಿದವನಿಗೆ ಕೊಡ್ತಾರಾ?" ಎನ್ನುತ್ತಿದ್ದ. ಶುಕ್ರವಾರದ ರಜೆಯಲ್ಲೂ ಬಿಸಿಲಲ್ಲಿ ಹೋಗಿ ಹಳಿ ಪಕ್ಕದ ಫಲಕಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಿ ಬರುತ್ತಿದ್ದ. ಅಂಥ ನಿಯತ್ತು ನನಗೆ ಏಳು ಜನ್ಮಕ್ಕೂ ಬರಲಿಕ್ಕಿಲ್ಲ.

2016ರ ಕೊನೆಗೆ ಗುತ್ತಿಗೆ ಬೇರೆ ಕಂಪೆನಿಗೆ ಹೋಯಿತು. ಬೆಳಿಗ್ಗೆ ಕೂತವನು ಮಧ್ಯಾಹ್ನದ ಲುಹರ್ ಬಾಂಗಿಗೆ ಮೊದಲೇ ಮೂರನೆಯ ಪಟ್ಟಿ ತಿದ್ದಿ ಎದ್ದ. ಒಂದು ದಾಖಲೆಯೂ ಕಳೆಯಲಿಲ್ಲ. ಹೊಸಬರು ಫಹದ್‌ನನ್ನು ಉಳಿಸಿಕೊಂಡರು. ಪಟ್ಟಿಯೂ ಅವರಿಗೆ ಬೇಕಾಯಿತು, ಪಟ್ಟಿ ಮಾಡಿದವನು ಬೇಡವಾದ. ಝೋಯಾಳ ಪರೀಕ್ಷೆಗೆ ಇನ್ನು ನಾಲ್ಕೇ ತಿಂಗಳು.

"ಕೂತ ಕೊಂಬೆಯನ್ನೇ ಕಡಿದೆಯಲ್ಲ!" ಎಂದು ಅವನ ಮನೆಗೇ ಹೋಗಿ ಕೂಗಾಡಿದೆ.

ಶಂಸುನ್ನಿಸಾ ಅಡುಗೆಮನೆಯಿಂದ ಬಂದರು. "ಬೈಬೇಡಿ ಭಾಯಿ. ತಪ್ಪು ಕೆಲಸ ಮಾಡಿ ಬಂದಿದ್ರೆ ನಾನೇ ಬೈತಿದ್ದೆ."

ನನಗೆ ನಾಚಿಕೆಯಾಯಿತು. ಮರುದಿನ ನನ್ನ ಯಜಮಾನನಿಗೆ ದುಂಬಾಲು ಬಿದ್ದು ಅವನನ್ನು ನಮ್ಮ ಗೋದಾಮಿಗೆ ಸೇರಿಸಿದೆ. ಸಂಬಳ ಅರ್ಧ, ಕಫೀಲ್ ನಾಲ್ಕನೆಯವನು, ನಂಬರ್ ಹಳೆಯದೇ. ಬೆಳಗ್ಗೆಯಿಂದ ಸಂಜೆಯವರೆಗೆ ಪೆಟ್ಟಿಗೆ ಹೊತ್ತ. ಝೋಯಾ ಹತ್ತನೇ ಪಾಸಾದಾಗ ಇಡೀ ಕಟ್ಟಡಕ್ಕೆ ಸಿಹಿ ಹಂಚಿದ.

ಮರುವರ್ಷ ಖರ್ಜೂರದ ಲಾರಿಯಲ್ಲಿ ಪಕ್ಕದ ಊರು ಉನೈಜಾಕ್ಕೆ ಹೊರಟಿದ್ದೆ. ಹಳಿಯ ಬಳಿ ಒಂದು ಫಲಕ ಕಂಡು ಲಾರಿ ನಿಲ್ಲಿಸಿದೆ. ಹಳೆ ಕಂಪೆನಿಯ ಹೆಸರಿನ ಮೇಲೆ ಹೊಸ ಕಂಪೆನಿಯ ಸ್ಟಿಕ್ಕರ್ ಅಂಟಿಸಿದ್ದರು. ಕೆಳಗಿನ ಆರು ಅಂಕಿಯನ್ನು ಯಾರೂ ಮುಟ್ಟಿರಲಿಲ್ಲ. ಹೆಮ್ಮೆಯಿಂದ ಫೋಟೋ ತೆಗೆದು ಅವನಿಗೆ ಕಳಿಸಿದೆ.

ಕೂಡಲೇ ಫೋನ್ ಬಂತು.

"ಕೊನೆಯ ಅಂಕಿಯ ಬಣ್ಣ ಮಾಸಿದೆ ಅದ್ದು. ಏಳು ಹೋಗಿ ಒಂದರ ಹಾಗೆ ಕಾಣ್ತದೆ. ನೀನು ಅಲ್ಲೇ ನಿಲ್ಲು, ಎಷ್ಟನೇ ಕಿಲೋಮೀಟರ್ ಅಂತ ನೋಡಿ ಹೇಳು. ನಾನು ಫಹದ್‌ಗೆ ತಿಳಿಸ್ತೇನೆ."