ರಟ್ಟಿ ಮತ್ತು ರೊಟ್ಟಿ

ಅವರ ಬಲತೋಳು ಎಡತೋಳಿಗಿಂತ ದಪ್ಪವಾಗಿತ್ತು. ಅಂಗಿಯ ಅರ್ಧತೋಳು ಎಡಗಡೆ ಸಡಿಲವಾಗಿ ಜೋತಾಡಿದರೆ ಬಲಗಡೆ ಬಿಗಿದುಕೊಂಡಿರುತ್ತಿತ್ತು. ಮೂವತ್ತು ವರ್ಷ ಟೆಕ್ಸಸ್ಸಿನ ಬಿಸಿಲಿನಲ್ಲಿ ಮನೆಮನೆಯ ಏಸಿ ರಿಪೇರಿ ಮಾಡಿ, ನಟ್ಟು ಬಿಗಿದು ಬಿಚ್ಚಿ ಬೆಳೆದ ತೋಳು. ಕೈಗಡಿಯಾರವನ್ನೂ ಬಲಗೈಗೇ ಕಟ್ಟುತ್ತಿದ್ದರು. ಯಾಕೆಂದು ಕೇಳಿದರೆ, "ದುಡಿಯೋ ಕೈಗೆ ಟೈಮ್ ಗೊತ್ತಿರಬೇಕವಾ. ಸುಮ್ಮ ಕುಂತ ಕೈಗೆ ಯಾಕ?" ಎನ್ನುತ್ತಿದ್ದರು.

ಡಾಲಸ್‌ನಲ್ಲಿ ಎಂ.ಎಸ್. ಓದುತ್ತಿದ್ದಾಗ ನಾನು ಪಕ್ಕದ ಅಲೆನ್‌ನಲ್ಲಿ ಅವರ ಮನೆಯ ಮಹಡಿ ಕೋಣೆಯಲ್ಲಿದ್ದೆ. ಅವರು ಹುಬ್ಬಳ್ಳಿಯವರು, ನಾನು ಮೈಸೂರಿನವಳು. ನಾನು ಅವರನ್ನು ಅಂಕಲ್, ಅವರ ಹೆಂಡತಿಯನ್ನು ಆಂಟಿ ಎನ್ನುತ್ತಿದ್ದೆ, ಅಂಕಲ್ ನನ್ನನ್ನು ಮೈಸೂರವ್ವ ಎನ್ನುತ್ತಿದ್ದರು. ನನಗೆ ಮಾತು ಕಡಿಮೆ. ಊಟಕ್ಕೆ ಕರೆದರೆ ಬಂದು, ಉಂಡು, ತಟ್ಟೆ ತೊಳೆದು ಮೇಲೆ ಹೋಗುತ್ತಿದ್ದೆ. "ನಿನ್ನ ಬಾಯಾಗ ಮಾತು ಅದಾವೋ, ಬರೇ ಹಲ್ಲು ಅದಾವೋ?" ಎಂದು ಅವರು ಮೆಟ್ಟಿಲ ಕೆಳಗಿನಿಂದ ಕೂಗುತ್ತಿದ್ದರು.

ಆ ಫೆಬ್ರವರಿಯಲ್ಲಿ ಹಿಮ ಬಿದ್ದ ಮರುದಿನ ನನ್ನ ಕಾರು ಸ್ಟಾರ್ಟ್ ಆಗಲಿಲ್ಲ. ಅಂಕಲ್ ತಮ್ಮ ಪಿಕಪ್ ಟ್ರಕ್ಕಿನ ಕೀ ಕೊಟ್ಟರು. ಗಾಜಿನ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಕ್ಲಾಸಿಗೆ ಹೊತ್ತಾಗಿದೆಯೆಂದು ಅದನ್ನು ಕೆರೆಯದೆ ವೈಪರ್ ಹಾಕಿಬಿಟ್ಟೆ. ಒಳಗೆ ಮೋಟರು ತಿರುಗಿತು, ಹೊರಗೆ ವೈಪರ್ ಗಾಜಿಗೆ ಅಂಟಿಯೇ ಇತ್ತು. ಕಟ್ ಎಂದು ಸದ್ದಾಯಿತು. ವೈಪರಿನ ಬ್ಲೇಡು ಹಿಡಿದಿರುವ ಉದ್ದನೆಯ ಕಬ್ಬಿಣದ ಪಟ್ಟಿಯ ಬುಡದಲ್ಲಿ ಸಣ್ಣ ಸಣ್ಣ ಹಲ್ಲುಗಳಿರುತ್ತವೆ, ಅವೇ ಸವೆದುಹೋಗಿದ್ದವು. ಸಂಜೆ ತಪ್ಪು ಒಪ್ಪಿಕೊಂಡೆ. "ಗಾಜು ಒಡದಿಲ್ಲ, ನೀ ಒಡದಿಲ್ಲ. ಮತ್ತೇನು?" ಎಂದರು. ಅಷ್ಟೆ.

ಶನಿವಾರ ಬೆಳಿಗ್ಗೆ ಮನೆಯ ಮುಂದಿನಿಂದ ಕೂಗಿದರು: "ಮೈಸೂರವ್ವಾ, ಟೇಬಲ್ ಮ್ಯಾಲಿನ ಎರಡು ರಟ್ಟಿ ತೊಗೊಂಡ್ ಬಾರವಾ!"

ಟೇಬಲ್ ಮೇಲೆ ಆಂಟಿ ಆಗಷ್ಟೇ ಬಡಿದಿಟ್ಟ ಜೋಳದ ರೊಟ್ಟಿಗಳಿದ್ದವು. ಎರಡನ್ನು ತಟ್ಟೆಗೆ ಹಾಕಿ, ಶೇಂಗಾ ಚಟ್ನಿ, ಮೊಸರು ಬಡಿಸಿಕೊಂಡು ಹೋದೆ. ಅಂಕಲ್ ತಟ್ಟೆ ನೋಡಿದರು, ನನ್ನ ಮುಖ ನೋಡಿದರು, ಬಂಪರ್ ಹಿಡಿದುಕೊಂಡು ನಗತೊಡಗಿದರು.

"ಏ ಇವಳೇ, ಬಾ ಇಲ್ಲೆ! ಈಕಿ ನಿನ್ನ ರೊಟ್ಟಿಲೆ ಗಾಜು ಒರಸಂತಾಳ!"

ಆಂಟಿ ಬಾಗಿಲಿಗೆ ಬಂದರು. "ಒರಸ್ರಿ. ನಿಮ್ಮ ವೈಪರ್‌ಗಿಂತ ನನ್ನ ರೊಟ್ಟಿ ಗಟ್ಟಿ ಅದಾವು."

ನಾವು ತೋಳಿಗೆ ರಟ್ಟೆ ಎನ್ನುವುದನ್ನು ಅವರು ರಟ್ಟಿ ಎನ್ನುತ್ತಿದ್ದರು. ಗಾಜನ್ನು ಒರೆಸುವ ವೈಪರಿನ ತೋಳೂ ಅವರ ಪಾಲಿಗೆ ರಟ್ಟಿಯೇ. ಹೊಸ ರಟ್ಟಿಗಳ ಪೆಟ್ಟಿಗೆ ರೊಟ್ಟಿಯ ಪಕ್ಕದಲ್ಲೇ ಇತ್ತಂತೆ. ನಾನು ನೋಡಿರಲಿಲ್ಲ.

ರೊಟ್ಟಿ ತಿಂದು ಕೆಲಸ ಶುರುಮಾಡಿದೆವು. ಅವರಿಗೆ ಪ್ರತಿಯೊಂದಕ್ಕೂ ಒಂದು ಕ್ರಮವಿತ್ತು. ಮೊದಲು ವೈಪರ್ ಒಮ್ಮೆ ಹಾಕಿ ನಿಲ್ಲಿಸಬೇಕು. "ಅದು ತಿರುಗಿ ತನ್ನ ಮನೀಗೆ ಬಂದು ಕುಂದರಲಿ. ಆಮ್ಯಾಲೆ ಕೈ ಹಚ್ಚು. ಹಾದ್ಯಾಗ ಇದ್ದಾಗ ಬಿಚ್ಚಿದರ ಎಲ್ಲಿ ಕೂಡಸಬೇಕು ಅನ್ನೂದ ತಿಳಿಯೂದಿಲ್ಲ." ಆಮೇಲೆ ಗಾಜಿನ ಮೇಲೆ ಟವೆಲ್ ಮಡಚಿ ಹಾಸಬೇಕು, ಸ್ಪ್ರಿಂಗ್ ಇರುವ ರಟ್ಟಿ ಕೈಜಾರಿ ಬಡಿದರೆ ಗಾಜು ಸೀಳುತ್ತದೆ. ಹಳೆಯ ರಬ್ಬರು ಗಾಜಿನ ಮೇಲೆ ಉಳಿಸಿದ್ದ ಗೆರೆಯ ಉದ್ದಕ್ಕೂ ನೀಲಿ ಟೇಪು ಅಂಟಿಸಿದರು. ಬುಡದ ಮುಚ್ಚಳ ತೆಗೆದರೆ ನಟ್ಟು.

ಸ್ಪ್ಯಾನರನ್ನು ಅವರು ಪಾನಾ ಎನ್ನುತ್ತಿದ್ದರು. ಪಾನಾ ಇಟ್ಟು ತಿರುಗಿಸಿದರು. ನಟ್ಟು ಅಲ್ಲಾಡಲಿಲ್ಲ. ಇನ್ನೊಮ್ಮೆ ತಿರುಗಿಸಿದರು. ಪಾನಾ ಜಾರಿ ಟವೆಲ್ ಮೇಲೆ ಬಿತ್ತು.

"ನೀನ ತಗೀ. ಕಲೀತಿ," ಎಂದು ನನಗೆ ಕೊಟ್ಟರು.

ನಾನು ತಿರುಗಿಸಿದೆ. ನಟ್ಟು ಸಲೀಸಾಗಿ ಬಂತು. ಅಷ್ಟು ಸಲೀಸಾಗಿ ಬರಬಾರದಿತ್ತು. ಆಗ ಅವರ ಗಡಿಯಾರ ಕಂಡಿತು. ಚರ್ಮದ ಪಟ್ಟಿಗೆ ಮೊಳೆಯಿಂದ ಹೊಸದಾಗಿ ಎರಡು ತೂತು ಹೊಡೆದುಕೊಂಡಿದ್ದರು. ಬಲಗಡೆಯ ಅಂಗಿತೋಳೂ ಈಗ ಎಡದ ಹಾಗೆಯೇ ಜೋತಾಡುತ್ತಿತ್ತು. ನಾನು ನೋಡಿದ್ದನ್ನು ಅವರು ನೋಡಿದರು.

"ಎಷ್ಟು ದಿನದಿಂದ, ಅಂಕಲ್?"

"ದೀಪಾವಳಿಯಿಂದ."

"ಡಾಕ್ಟರ್ ಹತ್ತಿರ..."

"ಹೋಗ್ತೀನಿ. ಇನ್ನ ಮೂರು ವಾರಕ್ಕ ಆಸ್ಟಿನ್‌ನಾಗ ಮಗಳ ಕುಬಸ ಐತಿ. ಅದೊಂದು ಮುಗೀಲಿ. ಬಸರಿ ಹುಡುಗಿ ನಕ್ಕೋತ ಕುಂದರಲಿ. ಅಲ್ಲೀತನಾ ಆಂಟಿಗೆ ಹೇಳಬ್ಯಾಡ." ಆಮೇಲೆ ಅವರೇ ಹೇಳಿದರು: "ನೀ ಹೇಳೂದಿಲ್ಲ ಬಿಡು. ನಿನ್ನ ಬಾಯಿ ನನಗ ಗೊತ್ತೈತಿ."

ಯಾವ ಮೌನವನ್ನು ಹಿಡಿದು ಎರಡು ವರ್ಷ ಗೇಲಿ ಮಾಡಿದ್ದರೋ ಅದನ್ನೇ ಈಗ ನಂಬಿಕೊಂಡಿದ್ದರು. ನಾನು ತಲೆಯಾಡಿಸಿದೆ. ಹೊಸ ರಟ್ಟಿಗಳನ್ನು ಟೇಪಿನ ಗೆರೆಗೆ ಸರಿಯಾಗಿ ಕೂರಿಸಿ ನಟ್ಟು ಬಿಗಿದೆ. ಟೇಪು ಕೀಳಹೋದರೆ ಬೇಡವೆಂದರು. "ಇರಲಿ. ಮುಂದ ನೀನ ಒಬ್ಬಾಕಿ ಮಾಡೂ ಮುಂದ ಬೇಕಾಕ್ಕೈತಿ."

ಸೀಮಂತಕ್ಕೆ ಆಸ್ಟಿನ್‌ಗೆ ನಾನೇ ಡ್ರೈವ್ ಮಾಡಿದೆ. ಟ್ರಕ್ಕಿನ ಹಿಂದೆ ಬಾಗಿನದ ಸಾಮಾನು, ಹಿಂದಿನ ಸೀಟಿನಲ್ಲಿ ಆಂಟಿ. "ಮೈಸೂರವ್ವಗ ಹೈವೇ ಕಲಸಾಕತ್ತೀನಿ," ಎಂದು ಅವರು ಎಲ್ಲರಿಗೂ ಹೇಳಿದರು. ಮಗಳು ಬಾಗಿಲಲ್ಲೇ ಹುಬ್ಬೇರಿಸಿದಳು: "ಡ್ಯಾಡ್, ಯು ನೆವರ್ ಲೆಟ್ ಎನಿಒನ್ ಡ್ರೈವ್!" ಅವರು ನಕ್ಕರು. ಹಸಿರು ಸೀರೆ ಉಟ್ಟ ಮಗಳ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಫೋಟೊದಲ್ಲಿ ಬಲಗೈ ಪ್ಯಾಂಟಿನ ಜೇಬಿನಲ್ಲಿದೆ.

ಮರುವಾರವೇ ಡಾಕ್ಟರ ಬಳಿ ಹೋದರು, ಮಾತು ತಪ್ಪಲಿಲ್ಲ. ಹ್ಯೂಸ್ಟನ್ನಿನ ದೊಡ್ಡ ಆಸ್ಪತ್ರೆಯಲ್ಲಿ ನರಗಳ ಕಾಯಿಲೆ ಎಂದರು. ಮೂರು ವಾರ ಮೊದಲೇ ಬಂದಿದ್ದರೂ ಏನೂ ಬದಲಾಗುತ್ತಿರಲಿಲ್ಲ ಎಂದೂ ಹೇಳಿದರು. ಆ ಮಾತನ್ನು ನಾನು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಅದರಿಂದ ಆಗುವ ಸಮಾಧಾನ ಬಹಳ ಹೊತ್ತು ಇರುವುದಿಲ್ಲ.

ನನಗೆ ಹ್ಯೂಸ್ಟನ್ನಿನ ಹತ್ತಿರದ ಕ್ಲಿಯರ್ ಲೇಕ್‌ನಲ್ಲಿ ಕೆಲಸ ಸಿಕ್ಕಿತು. ಅವರು ಆಸ್ಪತ್ರೆಗೆ ಬಂದಾಗಲೆಲ್ಲ ಹೋಗುತ್ತಿದ್ದೆ. ಬಲಗೈ ಹೋಯಿತು, ಎಡಗೈ ಹೋಯಿತು, ಕೊನೆಗೆ ಮಾತೂ ಹೋಯಿತು. ಮಾತು ಇನ್ನೂ ತೊದಲುತ್ತಿದ್ದಾಗ ಒಮ್ಮೆ, "ಈಗ ನಾನೂ ನಿನ್ನಂಗ ಆದೆ ನೋಡು, ಬರೇ ಹಲ್ಲು," ಎಂದರು. ನನಗೆ ಅರ್ಥವಾಗುವ ಹೊತ್ತಿಗೆ ನಗುವ ಕ್ಷಣ ದಾಟಿಹೋಗಿತ್ತು.

ಮರುವರ್ಷ ಯುಗಾದಿಗೆ ಮುಂಚೆ ಅದೇ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಎಲ್ಲ ಮುಗಿದ ಮೇಲೆ ಆಂಟಿಯನ್ನು ಅದೇ ಟ್ರಕ್ಕಿನಲ್ಲಿ ಹ್ಯೂಸ್ಟನ್ನಿನಿಂದ ಅಲೆನ್‌ಗೆ ಕರೆದುಕೊಂಡು ಹೊರಟೆ. ಅವರ ತೊಡೆಯ ಮೇಲಿನ ಚೀಲದಲ್ಲಿ ಅಂಕಲ್‌ರ ಕನ್ನಡಕ, ಗಡಿಯಾರ, ಎರಡು ಅಂಗಿ ಇದ್ದವು. ಅರ್ಧ ದಾರಿಯಲ್ಲಿ ಜೋರು ಮಳೆ. ವೈಪರ್ ಹಾಕಿದೆ. ಆಂಟಿ ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು.

"ಕುಬಸಕ್ಕ ನೀ ಟ್ರಕ್ ಹೊಡದೆಲ್ಲ, ಅವತ್ತ ನಿನಗ ಗೊತ್ತಿತ್ತೇನು, ತಂಗಿ?"

ಒಂದು ವರ್ಷದಿಂದ ಈ ಪ್ರಶ್ನೆಗೆ ಹೆದರಿಕೊಂಡಿದ್ದೆ. "ಗೊತ್ತಿತ್ತು, ಆಂಟಿ," ಎಂದೆ.

ಅವರು ಚೀಲದ ಬಾಯಿಯನ್ನು ಮಡಚಿದರು, ಬಿಡಿಸಿದರು.

"ನನಗೂ ಗೊತ್ತಿತ್ತು. ಸಂಕ್ರಾಂತಿ ಹೊತ್ತಿಗೇ ಎಡಗೈಲೆ ರೊಟ್ಟಿ ಮುರದು ಬಲಗೈಯಾಗ ಇಟ್ಟುಕೋತಿದ್ರು. ಮರುದಿನದಿಂದ ನಾನು ರೊಟ್ಟಿ ತೆಳ್ಳಗ ಬಡದೆ."

ಅಲೆನ್ ಹತ್ತಿರವಾದಾಗ ಮಳೆ ನಿಂತಿತು. ವೈಪರ್ ಬಂದ್ ಮಾಡಿದೆ. ಎರಡೂ ರಟ್ಟಿಗಳು ಒಮ್ಮೆ ಮೇಲೆ ಹೋಗಿ, ಇಳಿದು, ಬಣ್ಣ ಮಾಸಿದ ನೀಲಿ ಟೇಪಿನ ಮೇಲೆ ಬಂದು ಕೂತವು.