ಎಡಗೆನ್ನೆಯ ಕಾಡಿಗೆ ಬೊಟ್ಟು

ಹೆರಿಗೆಗೆ ಇನ್ನೂ ಸಮಯವಿರುವಾಗಲೇ ನನ್ನ ಮುಖದ ಎಡಭಾಗ ಸೋತುಹೋಯಿತು. ನಕ್ಕರೆ ಬಾಯಿ ಬಲಕ್ಕೆ ಓಡುತ್ತಿತ್ತು. ಎಡಗಣ್ಣು ಸರಿಯಾಗಿ ಮುಚ್ಚದೆ ಸುಮ್ಮಸುಮ್ಮನೆ ನೀರು ಸುರಿಸುತ್ತಿತ್ತು. "ಗಾಳಿ ಹೊಡದೈತೇನವಾ?" ಎಂದು ಕೇಳುವವರಿಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿತ್ತು. ಮನೆಗೆ ಯಾರಾದರೂ ಬಂದರೆ ಅತ್ತೆ, "ಸೆರಗ ಸ್ವಲ್ಪ ಮುಂದ ತಗೋ" ಎನ್ನುತ್ತಿದ್ದರು. ಊರವರ ಮಾತಿಗಿಂತ ಅದೇ ಹೆಚ್ಚು ಚುಚ್ಚುತ್ತಿತ್ತು.

ಮಗಳು ನಗಲು ಕಲಿತಾಗ ಅವಳ ಬಾಯಿಯೂ ಬಲಕ್ಕೇ ವಾಲಿದಂತೆ ನನಗೆ ಕಂಡಿತು. ಮನೆಯಲ್ಲಿ ಬೇರೆ ಯಾರಿಗೂ ಹಾಗೆ ಕಾಣಲಿಲ್ಲವಂತೆ. ಕಂಡರೂ ನನ್ನ ಮುಂದೆ ಹೇಳುವವರು ಯಾರು?

ನನ್ನ ಮುಖ ಎಷ್ಟು ಸುಧಾರಿಸಿದೆ ಎಂದು ನೋಡಲು ನವನಗರದ ದವಾಖಾನೆಯಲ್ಲಿ ಒಂದು ಯಂತ್ರವಿತ್ತು. ಎದುರು ಕೂತರೆ ಬೆಳಕು ಹಾಯಿಸಿ ಮುಖದ ಉಬ್ಬುತಗ್ಗುಗಳನ್ನೆಲ್ಲ ಹಿಡಿಯುತ್ತಿತ್ತು. ಎಡಭಾಗವನ್ನು ಬಲಭಾಗದೊಂದಿಗೆ ತಾನೇ ಹೋಲಿಸಿ, ಪರದೆಯ ಮೇಲೆ ಹೊಂದಿದಲ್ಲಿ ಹಸಿರು, ಹೊಂದದಲ್ಲಿ ಕೆಂಪು ತೋರಿಸುತ್ತಿತ್ತು. ಮುಂದಿನ ಸಲ ಹೋದಾಗ ಮಗಳದ್ದೂ ನೋಡಿರೆಂದು ಕೇಳಿಕೊಂಡೆ. ಗುಳೇದಗುಡ್ಡದಿಂದ ಬಸ್ಸಿನಲ್ಲಿ ಕೂಸನ್ನು ಎತ್ತಿಕೊಂಡು ಬಂದಿದ್ದ ಅತ್ತೆ, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಯಂತ್ರ ನೋಡಿಕೊಳ್ಳುವಾಕೆ ಬೀಗದ ಕೈ ಅಲ್ಲಾಡಿಸಿ ಅವಳನ್ನು ನಗಿಸಿದಳು.

ನನ್ನ ಚಿತ್ರ ಕೆಂಪಾಗಿ ಬರುವುದು ರೂಢಿಯಾಗಿತ್ತು. ಆದರೆ ಮಗಳ ಎಡಗೆನ್ನೆಯಲ್ಲೂ ಕೆಂಪು ಕಂಡಿತು. ನನ್ನ ಹಾಳು ಮುಖ ಇವಳಿಗೂ ಬಂತಲ್ಲ ಎಂದು ಎದೆ ಒಡೆಯಿತು.

ಯಂತ್ರದಾಕೆ ಪರದೆಯಿಂದ ಕಣ್ಣು ತೆಗೆದು ಕೂಸಿನ ಕಡೆ ಬಗ್ಗಿದಳು. "ಗಲ್ಲಕ್ಕ ಕಾಡಿಗಿ ಹಚ್ಚೀರೇನ್ರಿ? ಕರೀ ಬಣ್ಣದ ಮ್ಯಾಲೆ ಇದರ ಬೆಳಕು ನಡಿಯೂದಿಲ್ರಿ, ಲೆಕ್ಕ ತಪ್ಪತೈತಿ. ಒರಸ್ರಿ."

ಅದು ಅತ್ತೆ ಇಟ್ಟಿದ್ದ ದೃಷ್ಟಿಬೊಟ್ಟು. ಚೆಂದದ ಮುಖವನ್ನು ಬೇಕೆಂದೇ ಒಂದಿಷ್ಟು ಕೆಡಿಸುವುದು ನಮ್ಮಲ್ಲಿಯ ಪದ್ಧತಿ, ಯಂತ್ರಕ್ಕೇನು ಗೊತ್ತು! ಸೆರಗಿನಿಂದ ಒರೆಸಿದೆ. ಬೀಗದ ಕೈ ಮತ್ತೆ ಗಲಗಲ ಎಂದಿತು, ಮಗಳು ನಕ್ಕಳು. ಮುಖವೆಲ್ಲ ಹಸಿರು.

ಹೊರಗೆ ಬೆಂಚಿನ ಮೇಲೆ ಕೂತೊಡನೆ ಅತ್ತೆ ಚೀಲದಿಂದ ಕಾಡಿಗೆ ಡಬ್ಬಿ ತೆಗೆದು ಕೂಸಿಗೆ ಹೊಸ ಬೊಟ್ಟಿಟ್ಟರು. ಆಮೇಲೆ ನನ್ನ ಗದ್ದ ಹಿಡಿದು, ಸೋತ ಕೆನ್ನೆಗೂ ಬೆರಳು ಒತ್ತಿದರು.

"ನನಗ್ಯಾಕ್ರಿ ಅತ್ತಿ? ಈ ಮುಖಕ್ಕ ಯಾರ ಕಣ್ಣು ಬೀಳತಾವ್ರಿ?"

"ಸುಮ್ನಿರು. ಮಂದಿ ನೆದರ ಬಿದ್ದನ ಹಿಂಗಾಗೈತಿ. ಸೆರಗ ಮುಂದ ತಗೋ ಅಂತ ಮತ್ತ್ಯಾಕ ಬಡಕೋತಿದ್ನಿ?"

ಎಡಗಣ್ಣು ಮೊದಲಿನಿಂದಲೂ ಸುರಿಯುತ್ತಲೇ ಇತ್ತು. ಈ ಸಲ ಬಲಗಣ್ಣೂ ತುಂಬಿತು.