ಒಳಗೆ ಬಿಟ್ಟ ಬಟ್ಟೆ

ಶ್ರೀರಂಗಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದ ಹುಡುಗಿಯದು ಏನು ಕೇಳಿದರೂ ಒಂದೇ ಉತ್ತರ: "ಸುಮ್ಕೆ ಕಣಕ್ಕ." ಹಾಗೆನ್ನುವಾಗ ಕೊರಳಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ತನ್ನ ನಿಶ್ಚಿತಾರ್ಥವೂ ಸುಮ್ಕೆ ಎಂದು ನನಗೊಬ್ಬಳಿಗೇ ಹೇಳಿದ್ದಳು. ಮದುವೆಯಾಗೆಂಬ ಮನೆಯವರ ಒತ್ತಾಯ ತಪ್ಪಿಸಿಕೊಳ್ಳಲು ಅವಳೂ ಅಕ್ಕಿಹೆಬ್ಬಾಳಿನ ಸಹಪಾಠಿಯೊಬ್ಬನೂ ಹೂಡಿದ ಆಟವಂತೆ. ಸ್ವಲ್ಪ ಕಾಲ ಕಳೆದ ಮೇಲೆ ಹೊಂದಿಕೆಯಾಗಲಿಲ್ಲವೆಂದು ಮುರಿದುಬಿಡುವುದಂತೆ. ನನಗಂತೂ ತಲೆಬುಡ ತಿಳಿಯಲಿಲ್ಲ. ಹಿರಿಯರು ಎಲೆ ಅಡಿಕೆ ಬದಲಾಯಿಸಿಕೊಂಡದ್ದು ನಿಜವೇ ಆಗಿತ್ತಲ್ಲ?

ಗೌರಿ ಹಬ್ಬಕ್ಕೆ ಹುಡುಗನ ತಾಯಿ ಬಂದು ಇವಳಿಗೆ ಹೂವು ಮುಡಿಸಿದರು. ಹೋಗುವಾಗ ತಮ್ಮ ರವಿಕೆ ಬಟ್ಟೆಯನ್ನೂ ಕೈಗಿಟ್ಟರು: "ಇನ್ಮೇಲೆ ನಂದೆಲ್ಲಾ ನೀನೇ ಒಲ್ಕೊಡವ್ವ."

ಈ ಭಾನುವಾರ ಮನೆಯಲ್ಲಿ ಹೇಳಿ ಮುರಿದುಬಿಡೋಣ ಎಂದು ಅವನು ಫೋನ್ ಮಾಡಿದಾಗ ನಾನು ಅಲ್ಲೇ ಕೂತಿದ್ದೆ. "ಊಂ, ಆಯ್ತು ಬುಡು" ಎಂದವಳು ಫೋನಿಟ್ಟು ಆ ರವಿಕೆಯನ್ನೇ ಹೊಲಿಯತೊಡಗಿದಳು. ಒಳಬದಿಗೆ ಎರಡು ಬೆರಳಗಲ ಬಟ್ಟೆ ಉಳಿಸುತ್ತಿದ್ದಳು.

"ಇಷ್ಟ್ಯಾಕವ್ವ ಬುಟ್ಟಿದ್ದೀಯ?" ಎಂದೆ.

"ಮುಂದ್ಕೆ ಅತ್ತೆ ದಪ್ಪ ಆದ್ರೆ ನಾನೇ ಬಿಚ್ಚಿ ಸಡ್ಲ ಮಾಡ್ಕೊಡ್ಬೌದಲ್ಲ ಅಂತ..."

ಮೆಷಿನ್ನು ನಿಂತಿತು. ಟೇಪು ಬೆರಳಿಗೆ ಸುತ್ತಿಕೊಂಡಿತು, ಬಿಚ್ಚಿಕೊಳ್ಳಲಿಲ್ಲ. ಸುಮ್ಕೆ ಕಣಕ್ಕ ಅನ್ನುತ್ತಾಳೆಂದು ಕಾದೆ.

"ಇದ್ನ ಕತ್ರಿಸ್ಬುಡ್ಲಾ ಅಕ್ಕ?" ಎಂದು ಒಳಗೆ ಬಿಟ್ಟ ಬಟ್ಟೆ ಹಿಡಿದು ನನ್ನನ್ನೇ ಕೇಳಿದಳು.